ಇಪ್ಪತ್ತೇಳನೆಯ ಸಾಲು

ಇಪ್ಪತ್ತಾರನೆಯ ಸಾಲನ್ನು ತಿದ್ದಿ ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. ಮೂತ್ರಪಿಂಡಕ್ಕಾಗಿ ಕಾಯುವವರ ಸರದಿ ಪಟ್ಟಿಯನ್ನು ಆಸ್ಪತ್ರೆಯ ಹೊಸ ಕಂಪ್ಯೂಟರಿಗೆ ಎಂಟು ತಿಂಗಳ ಹಿಂದೆ ಸಾಗಿಸಿದವಳು ಅವಳೇ. ಪ್ರತಿ ಹೆಸರಿನ ಮುಂದೆ ಒಂದು ಪ್ರಶ್ನೆ: ಸರದಿ ಬಿಟ್ಟುಕೊಟ್ಟಿದ್ದಾರೆಯೇ? ಹಳೆಯ ಪಟ್ಟಿಯಲ್ಲಿ ಇಲ್ಲ ಎನ್ನಲು ಸೊನ್ನೆ ಹಾಕುತ್ತಿದ್ದರು. ನಲವತ್ತೊಂದು ಕಡೆ ಮಾತ್ರ ಯಾರೋ ‘ಫಾಲ್ಸ್’, ಅಂದರೆ ಸುಳ್ಳು, ಎಂದು ಅಕ್ಷರದಲ್ಲಿ ಬರೆದಿದ್ದರು. ಅವಳು ಪ್ರೋಗ್ರಾಮ್ ಬರೆದ ಭಾಷೆಗೆ ಸೊನ್ನೆ ಸುಳ್ಳು, ಖಾಲಿ ಜಾಗವೂ ಸುಳ್ಳು. ಒಂದು ಅಕ್ಷರವಿದ್ದರೂ ಸಾಕು, ಅದು ಏನೇ ಹೇಳಲಿ, ನಿಜ, ಅಂದರೆ ಹೌದು. ಹೀಗೆ ಕಂಪ್ಯೂಟರಿನ ಲೆಕ್ಕದಲ್ಲಿ ನಲವತ್ತೊಂದು ಜನ ಸರದಿ ಬಿಟ್ಟುಕೊಟ್ಟವರಾಗಿದ್ದರು. ಮೂತ್ರಪಿಂಡ ಸಿಕ್ಕಿದೆ ಬನ್ನಿ ಎಂದು ಎಂಟು ತಿಂಗಳಿಂದ ಅವರಿಗೆ ಯಾರೂ ಫೋನ್ ಮಾಡಿರಲಿಲ್ಲ.

“ಬಾಯಿ ಬಿಟ್ಟು ಇಲ್ಲ ಅಂದ್ರೂ ಹೂಂ ಅಂದ ಹಾಗೇನಾ? ನಮ್ಮತ್ತೆ ಇದಕ್ಕಿಂತ ವಾಸಿ ಬಿಡಿ,” ಎಂದು ಬೆಳಿಗ್ಗೆ ತಪ್ಪು ಗೊತ್ತಾದಾಗ ಪಕ್ಕದ ಮೇಜಿನವಳು ನಕ್ಕಿದ್ದಳು. ಮೇಲಧಿಕಾರಿ ನಗಲಿಲ್ಲ. ಸಂಜೆಯೊಳಗೆ ತಿದ್ದಿ, ಸದ್ದು ಮಾಡಬೇಡಿ ಎಂದು ಹೇಳಿ ಬಾಗಿಲು ಹಾಕಿಕೊಂಡಿದ್ದರು.

ಇಪ್ಪತ್ತೇಳನೆಯ ಸಾಲಿನಲ್ಲಿ ನಾದಿನಿಯ ಹೆಸರಿತ್ತು.

ಮೂರು ವರ್ಷದಿಂದ ಇವಳ ಮನೆಯಲ್ಲೇ ಇರುವವಳು, ಫೋನನ್ನು ದಿಂಬಿನ ಪಕ್ಕ ಮಲಗಿಸಿಕೊಳ್ಳುವವಳು. ಬಾಗಿಲ ಹತ್ತಿರ ಅವಳ ಬಟ್ಟೆಯ ಚೀಲ ಯಾವಾಗಲೂ ಸಿದ್ಧವಾಗಿರುತ್ತಿತ್ತು. “ಅತ್ತಿಗೆ, ನಿಮ್ಮ ಕಂಪ್ಯೂಟರ್ ನನ್ನ ಮರೆತಿಲ್ಲ ತಾನೇ?” ಎಂದು ಸಂಜೆಗೊಮ್ಮೆ ಕೆಣಕುತ್ತಿದ್ದಳು.

“ಮರೆಯೋದು ಮನುಷ್ಯರು ಕಣೇ,” ಎಂದು ಇವಳು ಚಪ್ಪಲಿ ಬಿಡುತ್ತಾ ಹೇಳುತ್ತಿದ್ದಳು.

ಮೊನ್ನೆ ವೈದ್ಯರು ಇವಳೊಬ್ಬಳನ್ನೇ ಆಸ್ಪತ್ರೆಯ ಪಡಸಾಲೆಗೆ ಕರೆದಿದ್ದರು. ನಾದಿನಿಯ ಹೃದಯ ಸೋತಿದೆ, ಇನ್ನು ಶಸ್ತ್ರಚಿಕಿತ್ಸೆ ತಡೆಯುವ ದೇಹವಲ್ಲ, ನಾಲ್ಕು ತಿಂಗಳ ಹಿಂದೆ ಮೂತ್ರಪಿಂಡ ಸಿಕ್ಕಿದ್ದರೆ ಮಾಡಬಹುದಿತ್ತು ಎಂದಿದ್ದರು. ಅದನ್ನು ಇವಳು ಗಂಡನಿಗೂ ಹೇಳಿರಲಿಲ್ಲ.

ತಿದ್ದಿದರೆ ನಾದಿನಿಯದು ಎರಡನೆಯ ಸರದಿ. ಒಂದು ದಿನ ಫೋನ್ ಬರುತ್ತದೆ. ಅವಳು ತಲೆ ಬಾಚಿಕೊಂಡು, ಚೀಲ ಎತ್ತಿಕೊಂಡು, ನಗುತ್ತಾ ಬರುತ್ತಾಳೆ. ಆಸ್ಪತ್ರೆಯ ಬಾಗಿಲಿನಿಂದಲೇ ಅವಳನ್ನು ವಾಪಸ್ ಕಳಿಸುತ್ತಾರೆ.

ಇವಳ ಬೆರಳು ಸ್ವಲ್ಪ ಹೊತ್ತು ಕೀಲಿಯ ಮೇಲೆ ನಿಂತಿತು. ಆ ಸಾಲನ್ನು ಇದ್ದ ಹಾಗೆಯೇ ಬಿಟ್ಟು ಇಪ್ಪತ್ತೆಂಟಕ್ಕೆ ಇಳಿದಳು. ಐದು ಗಂಟೆಗೆ ಮೇಲಧಿಕಾರಿ ಎಲ್ಲಾ ಆಯಿತೇ ಎಂದು ಕೇಳಿದಾಗ, ಆಯಿತು ಎಂದಳು.

ಮನೆಯಲ್ಲಿ ನಾದಿನಿ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಪಾದಗಳು ಬೆಳಿಗ್ಗೆಗಿಂತ ಹೆಚ್ಚು ಊದಿದ್ದವು.

“ಅತ್ತಿಗೆ, ಚಾರ್ಜ್ ಇಳಿದಿದೆ ನೋಡಿ. ಆಸ್ಪತ್ರೆಯವರು ಫೋನ್ ಮಾಡೋ ಹೊತ್ತಿಗೇ ಆಫ್ ಆಗಿಬಿಟ್ರೆ?”

ಇವಳು ಫೋನ್ ತೆಗೆದುಕೊಂಡು ಗೋಡೆಯ ಚಾರ್ಜರಿಗೆ ಸಿಕ್ಕಿಸಿದಳು. ವೈರು ಗಿಡ್ಡವಾಗಿತ್ತು. ನಾದಿನಿಯ ಕೈಗೆ ಎಟುಕುವಂತೆ ಮಂಚವನ್ನೇ ಗೋಡೆಯ ಕಡೆಗೆ ಮೆಲ್ಲಗೆ ಸರಿಸಿದಳು.