ಏಳು ಮನೆಯ ಗುಳಿಗೆ ಡಬ್ಬಿ

ನಾನು ಒಂದು ಗುಳಿಗೆ ಡಬ್ಬಿ. ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ಇಳಿದು ಆರಿದಾಗ ನಾನು ಹುಟ್ಟಿದೆ. ಹಸಿರು ಮೈ, ವಾರದ ಏಳು ದಿನಕ್ಕೆ ಏಳು ಮನೆ, ಏಳು ಮುಚ್ಚಳ. ಕೆಲವು ತಿಂಗಳು ಗದಗಿನ ಒಂದು ಔಷಧ ಅಂಗಡಿಯ ಗಾಜಿನ ಹಿಂದೆ ಕುಳಿತಿದ್ದೆ. ಅಲ್ಲಿಂದ ನನ್ನನ್ನು ಕೊಂಡುಹೋದವಳು ನೀಲಗಂಗಾ.

ಅವಳು ಬಸ್ ಕಂಡಕ್ಟರ್. ವಯಸ್ಸು ನಲವತ್ತೊಂದು. ಎದೆಯ ಕ್ಯಾನ್ಸರಿಗೆ ಆಪರೇಷನ್ ಆಗಿತ್ತು. ರೋಗ ಮರಳದಂತೆ ತಡೆಯಲು ಐದು ವರ್ಷ ದಿನಕ್ಕೊಂದು ಟಾಮಾಕ್ಸಿಫೆನ್ ಗುಳಿಗೆ ನುಂಗಬೇಕಿತ್ತು. ಪ್ರತಿ ಭಾನುವಾರ ನನ್ನನ್ನು ತುಂಬುವ ಕೆಲಸವನ್ನು ಅವಳ ಅತ್ತೆ ದ್ಯಾಮವ್ವ ವಹಿಸಿಕೊಂಡಳು. ಮುಚ್ಚಳಗಳ ಮೇಲಿದ್ದ ಇಂಗ್ಲಿಷ್ ಅಕ್ಷರ ಅವಳಿಗೆ ಓದಲು ಬರುತ್ತಿರಲಿಲ್ಲ. ಉಗುರುಬಣ್ಣದಿಂದ ಭಾ, ಸೋ, ಮಂ ಎಂದು ತಾನೇ ಬರೆದುಕೊಂಡಳು. ನನಗೆ ಅದು ನಾಮಕರಣವಾದಂತೆ ಆಯಿತು.

ಮೊದಲ ವರ್ಷ ಕಷ್ಟದ್ದು. ಟಿಕೆಟ್ ಕೊಡುತ್ತಿರುವಾಗಲೇ ನೀಲಗಂಗಾಳ ಮೈ ಒಮ್ಮೆಲೇ ಕಾದು ಬೆವರು ಇಳಿಯುತ್ತಿತ್ತು. ನಿದ್ದೆ ಕೆಟ್ಟಿತು, ಸಣ್ಣ ಮಾತಿಗೂ ಅಳು ಬರುತ್ತಿತ್ತು. ಒಂದು ಬುಧವಾರ ಓಣಿಯ ದವಾಖಾನೆಗೆ ಹೋಗಿ ಬೆವರಿಗೂ ಬೇಸರಕ್ಕೂ ಔಷಧ ಬರೆಸಿಕೊಂಡು ಬಂದಳು.

ಭಾನುವಾರ ಅತ್ತೆಯ ಮುಂದೆ ಆ ಹೊಸ ಗುಳಿಗೆಗಳ ಪಟ್ಟಿ ಇಟ್ಟಳು. "ಅತ್ತಿ, ಇದನ್ನೂ ಒಂದೊಂದು ಹಾಕ್ರಿ. ಬುಧವಾರದಿಂದ ತಗೊಳ್ಳಾಕತ್ತೀನಿ."

ದ್ಯಾಮವ್ವ ಕೈ ತಡೆದಳು. "ನೀ ಕ್ಯಾನ್ಸರಿನ ದೊಡ್ಡ ಗುಳಿಗಿ ತಗೋತೀ ಅಂತ ಆ ಡಾಕ್ಟರಗ ಹೇಳೀಯೇನು?"

ನೀಲಗಂಗಾ ತಲೆ ತಗ್ಗಿಸಿದಳು. "ಇಲ್ರಿ. ನಮ್ಮ ಓಣ್ಯಾನವರೇ ಮೂರು ಮಂದಿ ಕುಂತಿದ್ರು. ಅವರ ಮುಂದ ಆ ಬ್ಯಾನಿ ಹೆಸರು ಹೇಳಾಕ ಬಾಯಿ ಬರ್ಲಿಲ್ಲ."

ಅತ್ತೆ ಬೈಯಲಿಲ್ಲ. ಹೊಸ ಗುಳಿಗೆಯನ್ನೂ ಹಳೆಯದನ್ನೂ ನನ್ನ ಒಂದೇ ಮನೆಗೆ ಹಾಕಿ ಮುಚ್ಚಿದಳು. "ನಾಳೆ ರಜಾ ಹಾಕು. ಡಬ್ಬಿ ಹಿಂಗ ಒಯ್ದು ಹುಬ್ಬಳ್ಳಿ ಮೇಡಂಗ ತೋರಸೂಣು. ನಾನೂ ಬರ್ತೀನಿ."

ಹುಬ್ಬಳ್ಳಿಯಲ್ಲಿ ನೀಲಗಂಗಾಳಿಗೆ ಚಿಕಿತ್ಸೆ ಕೊಟ್ಟ ಡಾಕ್ಟರು ನನ್ನ ಮುಚ್ಚಳ ತೆರೆದು ನೋಡಿದರು, ಗುಳಿಗೆ ಪಟ್ಟಿಯ ಮೇಲಿನ ಹೆಸರನ್ನೂ ಓದಿದರು.

"ಇದು ಕೆಟ್ಟ ಗುಳಿಗಿ ಅಲ್ರಿ. ಆದ್ರ ನಿಮ್ಮ ಟಾಮಾಕ್ಸಿಫೆನ್ ಮೈಯಾಗ ಕೆಲಸಾ ಮಾಡೂದಕ್ಕ ಇದು ಅಡ್ಡ ಬರ್ತದ. ಎಷ್ಟು ದಿನ ಆತು?"

"ಇವತ್ತಿಗೆ ಆರು ದಿನ ಆತ್ರಿ." ನೀಲಗಂಗಾ ಕುರ್ಚಿಯ ಅಂಚಿಗೆ ಸರಿದಳು. "ರೋಗ ಮತ್ತ ಬರ್ತದೇನ್ರಿ?"

"ಆರು ದಿನಕ್ಕ ಅಷ್ಟು ಅಂಜಬ್ಯಾಡ್ರಿ. ಲಗೂನ ಬಂದೀರಿ, ಛಲೋ ಆತು. ಇದರ ಬದ್ಲಿ ಅದರ ಜೋಡಿ ಹೊಂದೂ ಗುಳಿಗಿ ಬರೀತೀನಿ. ದೊಡ್ಡ ಗುಳಿಗಿ ಮಾತ್ರ ನೀವಾಗೇ ನಿಲ್ಲಸಬ್ಯಾಡ್ರಿ."

ಒಂದೇ ಕಾಲು ಬಾತರೆ, ದಮ್ಮು ಹತ್ತಿದರೆ ತಡಮಾಡದೆ ಆಸ್ಪತ್ರೆಗೆ ಬರಬೇಕು, ಮುಟ್ಟು ಎಂದಿನಂತಿಲ್ಲದಿದ್ದರೆ, ನಡುನಡುವೆ ರಕ್ತ ಹೋದರೆ ತಿಳಿಸಬೇಕು, ಯಾವ ಹೊಸ ಔಷಧವಾದರೂ ಮೊದಲು ತಮ್ಮನ್ನು ಕೇಳಬೇಕು ಎಂದೂ ಹೇಳಿದರು. ದ್ಯಾಮವ್ವ ಒಂದೊಂದನ್ನೂ ಬೆರಳು ಮಡಚಿ ನೆನಪಿಟ್ಟುಕೊಂಡಳು.

ಹೊರಗಿನ ಬೆಂಚಿನ ಮೇಲೆ ನೀಲಗಂಗಾ ನನ್ನನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಳು. ಆಮೇಲೆ, "ಅತ್ತಿ, ಹಸಿವ್ಯಾಗೇದ್ರಿ," ಎಂದಳು. ಎಷ್ಟೋ ತಿಂಗಳ ಮೇಲೆ ಅವಳು ಆ ಮಾತು ಆಡಿದ್ದಳು. ಇಬ್ಬರೂ ಮಂಡಕ್ಕಿ ಕಲಸಿದ ಗಿರಮಿಟ್ಟು, ಜೊತೆಗೆ ಮಿರ್ಚಿ ಭಜಿ ತಿಂದರು. ಮಿರ್ಚಿ ಖಾರವೆಂದು ನೀಲಗಂಗಾ ನಕ್ಕಳು.

ಡಾಕ್ಟರು ಬದಲಿಗೆ ಕೊಟ್ಟ ಗುಳಿಗೆ ಹೊಂದಿಕೊಂಡಿತು. ಬೆವರು ಪೂರ್ತಿ ನಿಲ್ಲಲಿಲ್ಲ, ಕಡಿಮೆಯಾಯಿತು. ಐದು ವರ್ಷ ತುಂಬಿದಾಗ ಡಾಕ್ಟರು ಎಲ್ಲ ತಪಾಸಣೆ ಮಾಡಿ, ಇನ್ನು ಸಾಕು ಎಂದರು.

ಈಗ ನಾನು ನೀಲಗಂಗಾ ತಂದಿಟ್ಟ ಕಡೆ, ಬಸ್ ನಿಲ್ದಾಣದ ಮಹಿಳಾ ಸಿಬ್ಬಂದಿಯ ಕೋಣೆಯಲ್ಲಿದ್ದೇನೆ. ಎರಡು ಮುಚ್ಚಳ ಮುರಿದಿವೆ. ಮನೆಗಳಲ್ಲಿ ಪಿನ್ನು, ಹಣೆಗಿಡುವ ಟಿಕಳಿ, ಗುಂಡಿ ತುಂಬಿವೆ. ನೀಲಗಂಗಾ ಡ್ಯೂಟಿಗೆ ಹೊರಡುವ ಮುನ್ನ ಒಂದು ಪಿನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡು, ನನ್ನತ್ತ ನೋಡದೇ ಓಡುತ್ತಾಳೆ. ನನಗೆ ಬೇಸರವಿಲ್ಲ. ಅವಳು ನನ್ನನ್ನು ಮರೆಯುವಷ್ಟು ಗಟ್ಟಿಯಾಗಲಿ ಎಂದೇ ಅಲ್ಲವೇ ನಾನು ಅಷ್ಟು ದಿನ ತೆರೆದು ಮುಚ್ಚಿದ್ದು.