ಮೂಕಮ್ಮನ ಮಣಿಕಟ್ಟು

ಹೊನ್ನಾಳಿ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿಸಿಕೊಂಡು ಬಂದ ದಿನ ಮೂಕಮ್ಮನವರ ಬಲ ಮಣಿಕಟ್ಟು ಹದಿನೈದು ಡಿಗ್ರಿಯಷ್ಟು ಬಾಗುತ್ತಿತ್ತು. ಇದು ಅಂದಾಜಲ್ಲ. 1979ರಲ್ಲಿ ನಾನು ಗೋವಿನಕೋವಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತ ಅವರ ಮನೆಯಲ್ಲೇ ಬಾಡಿಗೆಗಿದ್ದೆ. ಕೋನಮಾಪಕ ಹಿಡಿದು ನಾನೇ ಅಳೆದಿದ್ದೆ.

ಊರಿನ ಅರ್ಧದಷ್ಟು ಕೂಸುಗಳಿಗೆ ಎಣ್ಣೆ ತಿಕ್ಕಿ ನೀರು ಹಾಕಿದ ಕೈ ಅದು. ಬಚ್ಚಲಲ್ಲಿ ತಾವೇ ಚೆಲ್ಲಿದ ಎಣ್ಣೆಯ ಮೇಲೆ ಜಾರಿ ಮುರಿದುಕೊಂಡಿದ್ದರು. ಮಗಳು ಅಂಜಮ್ಮ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಉಳಿದದ್ದು ಐದು ವಾರ. ಅಷ್ಟರಲ್ಲಿ ಕೈ ಬಾಗದಿದ್ದರೆ ಮೊಮ್ಮಗುವಿಗೆ ಸೊಸೆ ಪ್ರೇಮಮ್ಮ ನೀರು ಹಾಕಬೇಕಿತ್ತು.

"ಅವ್ಳಾ? ರೊಟ್ಟಿ ತಟ್ಟಿದ್ರೆ ಮೂರು ಮೂಲೆ ಬರ್ತಾವೆ. ಕೂಸಿನ ತಲೆ ಕೊಟ್ರೆ ಎಷ್ಟು ಮೂಲೆ ಮಾಡ್ತಾಳೋ!"

ಪ್ರೇಮಮ್ಮ ಕೇಳಿಸಿಕೊಂಡು ಒಲೆ ಊದಿದಳು.

ಕೈ ತಿಕ್ಕಿಸಿಕೊಳ್ಳಲು ಎಣ್ಣೆ ಬೇಕಿತ್ತು. ಮೈದುನ ಬಂಗಾರಪ್ಪ ತ್ಯಾವಣಿಗೆಯಿಂದ ಹಸಿರು ಎಣ್ಣೆಯ ಶೀಸೆ ತಂದರು. ಮೂಕಮ್ಮ ಮೂಸಿದರು.

"ಎಲ್ಲಿ ತಂದ್ಯಪ್ಪ?"

"ಬಸ್ ಸ್ಟ್ಯಾಂಡಿನಾಗೆ, ಅತ್ತಿಗೆ. ಎಲ್ಲಾ ಕೀಲಿಗೂ ಆಗ್ತೈತಂತೆ."

"ಗಾಡಿ ಕೀಲಿಗೂ ಹಚ್ಚಬ್ಯಾಡ. ಈ ವಾಸನೆಗೆ ಎತ್ತು ನೊಗ ಕಿತ್ಕೊಂಡು ಓಡ್ತಾವೆ."

ಪಕ್ಕದ ಮನೆಯ ತಿಪ್ಪಮ್ಮ ತಂದ ಎಳ್ಳೆಣ್ಣೆಯನ್ನು ನಾಲಿಗೆಗೆ ಮುಟ್ಟಿಸಿ, "ಶೇಂಗಾ! ಎಳ್ಳು ಇದರ ಬೀದಿಗೂ ಬಂದಿಲ್ಲ" ಎಂದು ಹಿಂದಕ್ಕೆ ಕೊಟ್ಟರು.

ನಾನು ತಿಳಿಹೇಳಹೋದೆ. ಯಾವ ಎಣ್ಣೆಯೂ ಮೂಳೆಗೆ ಇಳಿಯುವುದಿಲ್ಲ, ತಿಕ್ಕುವ ಕೈ ಚರ್ಮದ ಮೇಲೆ ಜಾರಿದರೆ ಸಾಕು, ಆದ್ದರಿಂದ ಎಲ್ಲವೂ ಒಂದೇ ಎಂದೆ.

"ನಿಮ್ಮಪ್ಪ ಕಾಲೇಜಿಗೆ ಸುರಿದ ದುಡ್ಡಿಗೆ ಒಂದು ಗಾಣ ಬರ್ತಿತ್ತು, ಮೇಷ್ಟ್ರೇ."

ಕೊನೆಗೆ ಮನೆಯಲ್ಲೇ ಕಾಯಿಸಿದ ಹರಳೆಣ್ಣೆಗೆ ಅಷ್ಟೇ ಕುಸುಬೆ ಎಣ್ಣೆ ಬೆರೆಸಿ ಬೆಚ್ಚಗೆ ಮಾಡಿಸಿದರು. ಹರಳೆಣ್ಣೆಯೊಂದೇ ಆದರೆ ಅಂಟಿ ಚರ್ಮ ಎಳೆಯುತ್ತದೆ. ಕುಸುಬೆಯೊಂದೇ ಆದರೆ ಹೆಬ್ಬೆಟ್ಟು ಊರುವ ಮೊದಲೇ ಹರಿದುಹೋಗುತ್ತದೆ. "ಒಂದು ಹಿಡಿಬೇಕು, ಒಂದು ಬಿಡಬೇಕು" ಎಂದರು. ದ್ರವಗಳ ಸ್ನಿಗ್ಧತೆಯ ಪಾಠವನ್ನು ನಾನು ಆರು ವರ್ಷ ಮಾಡಿದ್ದೆ. ಎಲ್ಲವೂ ಒಂದೇ ಎಂದವನೂ ನಾನೇ.

ತಿಕ್ಕಲು ಪ್ರೇಮಮ್ಮನನ್ನು ಬಿಟ್ಟರೆ ಯಾರಿಗೂ ಬಿಡುವಿರಲಿಲ್ಲ. ದಿನಾ ಬೆಳಿಗ್ಗೆ ಅದೇ ಗದರಿಕೆ: "ಹಿಟ್ಟು ನಾದ್ತೀಯೇನೇ? ಹೆಬ್ಬೆಟ್ಟು ಊರು. ಎಳಿಬ್ಯಾಡ, ನೂಕು. ಥೂ, ಎಮ್ಮೆ ಮೈ ತಿಕ್ಕೋಳಿಗೆ ಇದೆಲ್ಲಿ ತಿಳಿತೈತೆ!" ಒಂದೊಂದು ಬೈಗುಳಕ್ಕೂ ಅವಳ ಬೆರಳು ಸರಿಯಾದ ಜಾಗಕ್ಕೆ ಹೋಗುತ್ತಿತ್ತು.

ಭಾನುವಾರ ಭಾನುವಾರ ಅಳೆದೆ. ಇಪ್ಪತ್ತೆಂಟು. ನಲವತ್ತೊಂದು. ಐವತ್ತು. ಮತ್ತೆ ಐವತ್ತು. ಐದನೆಯ ಭಾನುವಾರವೂ ಐವತ್ತೇ; ಎಡಗೈ ಎಂಬತ್ತು ಬಾಗುತ್ತಿತ್ತು. ಮೂಕಮ್ಮ ನನ್ನ ಅಳತೆ ನಂಬದೆ ನೀರು ತುಂಬಿದ ತಂಬಿಗೆ ಎತ್ತಿ ಬಗ್ಗಿಸಲು ನೋಡಿದರು. ತಂಬಿಗೆ ಕೈಜಾರಿ ಬಚ್ಚಲ ಕಲ್ಲಿಗೆ ಬಿತ್ತು. ಅಂದು ಯಾರನ್ನೂ ಬೈಯಲಿಲ್ಲ.

ಅಂಜಮ್ಮನಿಗೆ ಹೆಣ್ಣು ಕೂಸಾಯಿತು. ನೀರು ಹಾಕುವ ದಿನ ಪ್ರೇಮಮ್ಮ ಮಣೆಯ ಮೇಲೆ ಕಾಲು ನೀಡಿ ಕೂತು ಕೂಸನ್ನು ಮಲಗಿಸಿಕೊಂಡಳು. ಮೂಕಮ್ಮ ಎಡಗೈಯಲ್ಲಿ ಎಣ್ಣೆ ಬಟ್ಟಲು ಹಿಡಿದು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. ಬಾಗಿಲಲ್ಲಿ ನಿಂತ ನಾವೆಲ್ಲ ಬೈಗುಳಕ್ಕೆ ಕಾದೆವು. ಪ್ರೇಮಮ್ಮ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡಳು. ಹೆಬ್ಬೆಟ್ಟು ಊರಿದಳು, ನೂಕಿದಳು. ಕೂಸು ಒಮ್ಮೆ ಚೀರಿ ಸುಮ್ಮನಾಯಿತು.

ಮೂಕಮ್ಮ ಆ ಬೆರಳುಗಳನ್ನೇ ಬಹಳ ಹೊತ್ತು ನೋಡಿದರು.

"ಮಣೆ ಸೊಟ್ಟ ಹಾಕ್ಕೊಂಡೀಯ" ಎಂದರು.

ಮಣೆ ನೇರವಾಗಿಯೇ ಇತ್ತು.