ಚಪ್ಪಟೆ ಪೆಡಲು

"ಚಪ್ಪಟೆ ಪೆಡಲ್ ಹಾಕ್ಕೊಂಡು ಗುಡ್ಡ ಇಳಿಯೋದು ಅಂದ್ರೆ ಹವಾಯಿ ಚಪ್ಪಲಿಯಲ್ಲಿ ಕೋರ್ಟಿಗೆ ಹೋದ ಹಾಗೆ," ಎಂದರು ವಕೀಲರು.

"ಯಾಕೆ, ನೀವು ಹೋಗಿಲ್ವಾ?" ಎಂದ ಬೇಕರಿಯವನು.

"ಒಂದು ಸಲ ಹೋಗಿದ್ದೆ. ಕೇಸು ಸೋತೆ."

ಸೈಕಲ್ ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಟೈರುಗಳ ರಾಶಿಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಅವಳೂ ನಕ್ಕಳು. ಅವಳ ಎಡಗೈ ಮಣಿಕಟ್ಟಿನ ಪ್ಲಾಸ್ಟರ್ ಬಿಚ್ಚಿ ಕೆಲವು ವಾರಗಳಷ್ಟೇ ಆಗಿತ್ತು. ಅಲ್ಲಿನ ಚರ್ಮ ಇನ್ನೂ ಬಿಳಿಚಿಕೊಂಡು, ಬೇರೆ ಯಾರದೋ ಕೈಯಂತೆ ಕಾಣುತ್ತಿತ್ತು. ಮಾತುಕತೆಯೆಲ್ಲ ಅವಳ ಪೆಡಲಿನ ಬಗ್ಗೆಯೇ: ಶೂವಿನ ತಳವನ್ನು ಸ್ಪ್ರಿಂಗಿನಿಂದ ಕಚ್ಚಿ ಹಿಡಿದು, ಹಿಮ್ಮಡಿ ತಿರುಗಿಸಿದರಷ್ಟೇ ಬಿಡುವ ಈಗಿನದೇ ಇರಲೋ, ಸುಮ್ಮನೆ ಪಾದ ಇಡುವ ಚಪ್ಪಟೆಯದೋ ಎಂದು. ನಾಳೆ ಭಾನುವಾರ, ಬಿದ್ದ ಮೇಲೆ ಅವಳು ಮೊದಲ ಸಲ ಇವರ ಜೊತೆ ಗುಡ್ಡದ ಕಾಲುದಾರಿಗೆ ಹೋಗುವವಳಿದ್ದಳು.

"ಕಾಲು ಕಚ್ಚಿಕೊಂಡಿದ್ರೆ ಸೈಕಲ್ಲು ನಿಮ್ಮ ಮೈಯ ಭಾಗ ಆಗುತ್ತೆ," ಎಂದು ವಕೀಲರು ವಾದ ಮುಂದುವರಿಸಿದರು. "ಕಲ್ಲಿನ ಮೇಲೆ ಕುಣಿದ್ರೂ ಪಾದ ಹಾರಲ್ಲ. ಏರಿನಲ್ಲಿ ಮೇಲಕ್ಕೆ ಎಳೀಬಹುದು."

"ಬಿದ್ರೂ ಮೈಯ ಭಾಗವಾಗೇ ಬೀಳಬಹುದು," ಎಂದ ಬೇಕರಿಯವನು. "ಮೊಳೆ ಇರೋ ಚಪ್ಪಟೆ ಪೆಡಲ್ ಥರ ಯಾವುದೂ ಇಲ್ಲ ಅಕ್ಕ. ಮಧ್ಯೆ ಸ್ವಲ್ಪ ತಗ್ಗಿರಬೇಕು, ಶೂ ತಳ ಮೆತ್ತಗಿರಬೇಕು, ಹಿಮ್ಮಡಿ ಇಳಿಸಿ ನಿಂತ್ರೆ ಗೋಂದು ಹಾಕಿದ ಹಾಗೆ."

"ನಿನ್ನ ಮೊಣಕಾಲು ತೋರಿಸಪ್ಪ, ಆ ಗೋಂದಿನ ಕಥೆ ಗೊತ್ತಾಗ್ಲಿ."

ಅವನು ಹೆಮ್ಮೆಯಿಂದಲೇ ಪ್ಯಾಂಟು ಮಡಿಸಿ ತೋರಿಸಿದ. ಪೆಡಲಿನ ಪುಟ್ಟ ಮೊಳೆಗಳು ಕಚ್ಚಿದ ಗುರುತುಗಳು ಸಾಲಾಗಿ, ಬಿಸ್ಕತ್ತಿಗೆ ಫೋರ್ಕಿನಿಂದ ಚುಚ್ಚಿದಂತೆ ಇದ್ದವು.

ಅವಳ ಗಂಡ ಇಷ್ಟು ಹೊತ್ತು ಸುಮ್ಮನಿದ್ದವನು ಗಂಟಲು ಸರಿಮಾಡಿಕೊಂಡ. ಅವನು ಲಿಫ್ಟ್ ರಿಪೇರಿ ಮಾಡುವವನು. ಯಾವ ಯಂತ್ರವೂ ಸುಮ್ಮಸುಮ್ಮನೆ ಕೈಕೊಡುವುದಿಲ್ಲ ಎನ್ನುವುದು ಅವನ ನಂಬಿಕೆ. "ಪೆಡಲಿಂದ ಏನೂ ತಪ್ಪಿಲ್ಲ. ಸ್ಪ್ರಿಂಗು ಬಿಗಿಯಾಗಿತ್ತು, ಇವಳು ಗಾಬರಿಯಲ್ಲಿ ಹಿಮ್ಮಡಿ ಹೊರಗೆ ತಿರುಗಿಸೋದು ಮರೆತ್ಲು, ಶೂ ಬಿಡಲಿಲ್ಲ, ಬಿದ್ಲು. ಅಷ್ಟೇ. ಈಗ ಸ್ಪ್ರಿಂಗ್ ಸಡಿಲ ಮಾಡಿದೀನಿ. ಮುಟ್ಟಿದ್ರೆ ಸಾಕು, ಬಿಡುತ್ತೆ."

ಆಸ್ಪತ್ರೆಯಲ್ಲಿ, ಮನೆಯಲ್ಲಿ, ಫೋನಿನಲ್ಲಿ ಅವನು ಇದನ್ನೇ ಹೇಳಿದ್ದ. ಹೇಳಿ ಹೇಳಿ ಅದಕ್ಕೊಂದು ನುಣುಪು ಬಂದಿತ್ತು. ಅವಳೂ ಹೂಂ ಅಂದಿದ್ದಳು. ಆದರೆ ಮರೆತದ್ದಲ್ಲ. ಬೇರುಗಳು ಮೆಟ್ಟಿಲಾಗಿ ಹೆಣೆದುಕೊಂಡ ಆ ಇಳಿಜಾರಿನ ತಲೆಯಲ್ಲಿ ಅವಳಿಗೆ ನಿಲ್ಲಬೇಕು ಅನ್ನಿಸಿತ್ತು. ಹಿಂದಿದ್ದ ಅವನಿಗೆ ಹಾಗೆಂದು ಹೇಳಿಯೂ ಇದ್ದಳು. "ನಿಲ್ಲಬೇಡ, ಬಿಡು, ಹೋಗು ಹೋಗು" ಎಂದು ಅವನು ಕೂಗಿದ್ದ. ಹೋಗುವುದಕ್ಕೂ ಮನಸ್ಸಿಲ್ಲದೆ, ನಿಲ್ಲುವುದಕ್ಕೂ ಧೈರ್ಯವಿಲ್ಲದೆ ಅರ್ಧ ಬ್ರೇಕು ಹಿಡಿದಿದ್ದಳು. ಆಮೇಲಿನದನ್ನು ಎಲ್ಲರೂ ನೋಡಿದ್ದರು.

ಅವಳ ಕೆಲಸ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು. ದಿನವಿಡೀ ಗಾಜು ಬದಲಿಸುತ್ತಾ, "ಇದರಲ್ಲಿ ಚೆನ್ನಾಗಿ ಕಾಣುತ್ತಾ, ಇದರಲ್ಲಾ?" ಎಂದು ಕೇಳುತ್ತಿರುತ್ತಾಳೆ. ಕುರ್ಚಿಯಲ್ಲಿ ಕೂತವರು ಪರೀಕ್ಷೆಗೆ ಬಂದ ಮಕ್ಕಳಂತೆ ತಡವರಿಸುತ್ತಾರೆ. "ತಪ್ಪು ಉತ್ತರ ಅಂತ ಇಲ್ಲ, ನಿಮಗೆ ಹೇಗೆ ಕಾಣುತ್ತೋ ಹಾಗೆ ಹೇಳಿ," ಎಂದು ಅವಳೇ ಧೈರ್ಯ ತುಂಬುತ್ತಾಳೆ. ಈಗ ಸ್ಟೂಲಿನ ಮೇಲೆ ಕೂತು, ತನ್ನನ್ನು ಯಾರೂ ಇನ್ನೂ ಕೇಳಲಿಲ್ಲವಲ್ಲ ಎಂದುಕೊಂಡಳು. ಕೇಳಿದ್ದರೆ ಏನು ಹೇಳುತ್ತಿದ್ದೆ ಎನ್ನುವುದೂ ಹೊಳೆಯಲಿಲ್ಲ. ನಾಳೆ ಆ ಜಾಗದಲ್ಲಿ ತನಗೆ ಬೇಕೆಂದಾಗ ನಿಲ್ಲಲಾಗದಿದ್ದರೆ ಸೈಕಲ್ಲನ್ನು ಯಾರಿಗಾದರೂ ಕೊಟ್ಟುಬಿಡುವುದು ಎಂದಷ್ಟೇ ಅವಳು ನಿರ್ಧರಿಸಿದ್ದಳು, ಅದನ್ನೂ ಯಾರಿಗೂ ಹೇಳಿರಲಿಲ್ಲ.

ಅಂಗಡಿಯಾಕೆ ಕೈ ಒರೆಸಿಕೊಳ್ಳುತ್ತಾ ಬಂದು, ಯಾರೋ ಬಳಸಿ ಬಿಟ್ಟ ಒಂದು ಜೊತೆ ಚಪ್ಪಟೆ ಪೆಡಲನ್ನು ಅವಳ ಮಡಿಲಿಗೆ ಇಟ್ಟಳು. ಕಪ್ಪು ಬಣ್ಣ ಅಂಚಿನಲ್ಲಿ ಸವೆದು ಲೋಹ ಹೊಳೆಯುತ್ತಿತ್ತು.

"ಇವರ ಮಾತು ಮುಗಿಯೋದಿಲ್ಲ. ತಗೊಂಡ್ಹೋಗಿ ತುಳಿದು ನೋಡಿ. ಬೇಡ ಅನ್ಸಿದ್ರೆ ವಾಪಸ್ ತನ್ನಿ," ಎಂದಳು.

ಅವಳು ಅವನ್ನು ಚೀಲಕ್ಕೆ ಹಾಕಿಕೊಂಡಳು. ಗಂಡ ಆಗಲೂ ವಕೀಲರಿಗೆ ಸ್ಪ್ರಿಂಗಿನ ವಿಷಯ ವಿವರಿಸುತ್ತಿದ್ದ.

ಮಧ್ಯಾಹ್ನ ಯಾವುದೋ ಆಸ್ಪತ್ರೆಯ ಲಿಫ್ಟು ನಿಂತಿದೆಯೆಂದು ಅವನಿಗೆ ಕರೆ ಬಂತು. ಅವನು ಹೋದ ಮೇಲೆ ಅವಳು ಸೈಕಲ್ಲನ್ನು ಹಿತ್ತಲಿಗೆ ತಂದು ಗೋಡೆಗೆ ಒರಗಿಸಿ, ಅವನ ಪೆಟ್ಟಿಗೆಯಿಂದ ಉದ್ದನೆಯ ಸ್ಪ್ಯಾನರ್ ತೆಗೆದಳು. ಈ ಸೈಕಲ್ಲಿಗೆ ಇಲ್ಲಿಯವರೆಗೆ ಅವಳು ಗಾಳಿ ಬಿಟ್ಟು ಬೇರೇನೂ ಹಾಕಿರಲಿಲ್ಲ.

ಅತ್ತೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಒಗೆದ ಟವೆಲ್ಲುಗಳನ್ನು ಮಡಿಸುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಿವೃತ್ತಿಯವರೆಗೂ ದುಡಿದವರು. ಯಾರ ಮಾತಿಗೆ ಎಲ್ಲಿ ಅಡ್ಡ ಬರಬೇಕು ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತು.

"ಅದೇನಮ್ಮ, ಮುಳ್ಳುಹಂದಿ ತಂದಿದ್ದೀಯ?"

"ಪೆಡಲ್ ಅತ್ತೆ. ಶೂ ಕಚ್ಚಿಕೊಳ್ಳಲ್ಲ. ಸುಮ್ಮನೆ ಪಾದ ಇಟ್ರೆ ಆಯ್ತು."

"ನಾನು ಕೆಲಸಕ್ಕೆ ಹೋಗ್ತಿದ್ದ ಸೈಕಲ್ಲೂ ಹಾಗೇ ಇತ್ತಲ್ಲ. ಪಾದ ಇಡು, ತುಳಿ. ಬೇಡ ಅಂದ್ರೆ ತೆಗಿ. ಇಷ್ಟಕ್ಕೆ ನಿನ್ನ ಗಂಡ ಅಷ್ಟು ದಿವಸ ತಲೆ ಕೆಡಿಸ್ಕೊಂಡಿದ್ನಾ?"

ಬಲಗಡೆಯ ಪೆಡಲು ಮೊದಲು ಮುನಿಸಿಕೊಂಡರೂ ಆಮೇಲೆ ಸಲೀಸಾಗಿ ಬಿಚ್ಚಿಕೊಂಡಿತು. ಎಡಗಡೆಯದು ಮಾತ್ರ ಅಲುಗಾಡಲಿಲ್ಲ. ಬಲಗಡೆ ತಿರುಗಿಸಿದ ಹಾಗೆಯೇ ಇಲ್ಲೂ ತಿರುಗಿಸಿದಳು. ಎರಡೂ ಕೈ ಹಾಕಿ ಜಗ್ಗಿದಳು. ಹೊಸದಾಗಿ ಕೂಡಿದ ಮಣಿಕಟ್ಟು ನೋಯುತ್ತದೆಂದು ಆಮೇಲೆ ಸ್ಪ್ಯಾನರಿನ ಮೇಲೆ ಕಾಲಿಟ್ಟು ಒತ್ತಿದಳು. ಸ್ಪ್ಯಾನರ್ ಜಾರಿ ಬೆರಳ ಗಿಣ್ಣು ತರಚಿತು. ಇವತ್ತು ಇದೂ ನನ್ನ ಮಾತು ಕೇಳುವುದಿಲ್ಲ ಎಂದು ನೆಲಕ್ಕೆ ಕೂತುಬಿಟ್ಟಳು. ಗಂಡ ಬಂದರೆ ಒಂದು ನಿಮಿಷದ ಕೆಲಸ. ಬಂದು, "ನನ್ನನ್ನ ಕರೀಬಾರದಿತ್ತಾ?" ಎನ್ನುತ್ತಾನೆ. ಆ ಮಾತಿನ ಮೃದುತ್ವವನ್ನು ನೆನೆದೇ ಅವಳಿಗೆ ಸುಸ್ತಾಯಿತು.

"ಅಷ್ಟು ಹಠ ಮಾಡ್ತಿದ್ರೆ ಆ ಕಡೆಗೆ ತಿರುಗಿಸಿ ನೋಡು," ಎಂದರು ಅತ್ತೆ, ಬೇಸತ್ತು.

"ಆ ಕಡೆ ತಿರುಗಿಸಿದ್ರೆ ಬಿಗಿಯಾಗುತ್ತೆ ಅತ್ತೆ."

"ಈಗೇನು ಸಡಿಲವಾಗಿದೆಯಾ?"

ಅವಳಿಗೆ ನಗು ಬಂತು. ಎದ್ದು, ಉಲ್ಟಾ ತಿರುಗಿಸಿದಳು. ಕಿರ್ರೆಂದು ಒಂದು ಸದ್ದು, ಆಮೇಲೆ ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಬಿಚ್ಚಿಕೊಂಡಿತು. ಎಡಗಡೆಯದರ ಸುತ್ತು ಉಲ್ಟಾ! ಇಷ್ಟು ಹೊತ್ತೂ ಬಿಚ್ಚುತ್ತೇನೆಂದುಕೊಂಡು ಬಿಗಿ ಮಾಡುತ್ತಲೇ ಇದ್ದಳು. ಅತ್ತೆ ಟವೆಲ್ಲು ಬಾಯಿಗೆ ಅಡ್ಡ ಹಿಡಿದು ನಕ್ಕರು. ಅವಳು ಗ್ರೀಸು ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡು ನಕ್ಕಳು.

ಗಂಡ ಬಂದಾಗ ಎರಡೂ ಪೆಡಲು ಕೂತಿದ್ದವು. ಅವನು ಬಗ್ಗಿ ನೋಡಿದ. ಅವನ ಕೈ ತಾನಾಗಿ ಸ್ಪ್ಯಾನರಿನ ಕಡೆ ಹೋಯಿತು.

"ಯಾವುದಕ್ಕೂ ಒಂದ್ಸಲ ನೋಡ್ಲಾ?"

"ನೋಡಿ. ತಿರುಗಿಸಬೇಡಿ."

ಅವನು ಕೈ ಹಿಂದೆ ಕಟ್ಟಿಕೊಂಡು, ಮ್ಯೂಸಿಯಮ್ಮಿಗೆ ಬಂದವನ ಹಾಗೆ ನೋಡಿದ. "ಸ್ಪ್ರಿಂಗ್ ಸಡಿಲ ಮಾಡಿದ್ನಲ್ಲೇ," ಎಂದ.

"ಗೊತ್ತು ರೀ."

ಬೆಳಿಗ್ಗೆ ಗುಡ್ಡದ ಮೇಲೆ ಮಂಜು ಹರಿಯುವುದರಲ್ಲಿತ್ತು. ವಕೀಲರು, ಬೇಕರಿಯವನು ಮುಂದೆ ಹೋದರು. ಅವಳು ನಡುವೆ, ಗಂಡ ಹಿಂದೆ. ಯಾವಾಗಲೂ ಅದೇ ಕ್ರಮ. ಏರಿನಲ್ಲಿ ಅವಳ ಬಲಪಾದ ಒಂದು ಸಲ ಜಾರಿತು, ಪೆಡಲು ಸುತ್ತಿ ಬಂದು ಮೊಣಕಾಲ ಕೆಳಗೆ ಚುಚ್ಚಿತು. "ಅಯ್ಯಬ್ಬಾ" ಎಂದಳು. ವಕೀಲರು ಹೇಳಿದ್ದೂ ಸುಳ್ಳಲ್ಲ. ಕಲ್ಲುಗಳ ಮೇಲೆ ಪಾದ ಕುಣಿಯಿತು, ಮತ್ತೆ ಮತ್ತೆ ಜಾಗ ಹುಡುಕಿ ಇಡಬೇಕಾಯಿತು. ಹಿಮ್ಮಡಿ ಇಳಿಸಿದಾಗ ಮಾತ್ರ ಮೊಳೆಗಳು ಶೂವಿನ ತಳವನ್ನು ಮೆಲ್ಲಗೆ ಹಿಡಿದುಕೊಂಡವು. ಈ ಹಿಡಿತಕ್ಕೆ ಒಗ್ಗಲು ಸ್ವಲ್ಪ ಹೊತ್ತು ಬೇಕು ಎಂದುಕೊಂಡಳು.

ಮರಗಳು ದಟ್ಟವಾದವು. ದಾರಿ ಎಡಕ್ಕೆ ತಿರುಗಿದ ಕಡೆ ಬೇರುಗಳ ಮೆಟ್ಟಿಲು ಶುರುವಾಗುತ್ತದೆ. ಕೆಳಗಿನಿಂದ ಬೇಕರಿಯವನ ಕೂಗು ಕೇಳಿತು. ಅವನು ಆಗಲೇ ಇಳಿದಾಗಿತ್ತು.

"ರೀ, ನಾನು ನಿಲ್ತೀನಿ," ಎಂದಳು.

"ನಿಲ್ಲಬೇಡ ಕಣೇ, ಒಳ್ಳೇ ವೇಗದಲ್ಲಿದ್ದೀಯ, ಬಿಡು, ಹೋ—"

ಅವಳು ಬ್ರೇಕು ಹಿಡಿದು, ಎಡಗಾಲನ್ನು ಪೆಡಲಿನಿಂದ ಎತ್ತಿ ನೆಲಕ್ಕೆ ಇಟ್ಟಳು. ಅಷ್ಟೇ. ಒಣ ಎಲೆಗಳು ಶೂವಿನಡಿ ಚರಪರ ಎಂದವು.

ಹಿಂದೆ ಅವನ ಬ್ರೇಕು ಕಿರುಗುಟ್ಟಿತು. ಅವನ ಚಕ್ರ ಅವಳ ಚಕ್ರದ ಹತ್ತಿರ ಬಂದು ನಿಂತಿತು. ಅವನೂ ಕಾಲು ತೆಗೆಯಲು ನೋಡಿದ. ಆದರೆ ಸಡಿಲ ಮಾಡಿದ್ದು ಅವಳ ಹಳೆಯ ಪೆಡಲಿನ ಸ್ಪ್ರಿಂಗನ್ನು, ಅವನದು ಬಿಗಿಯಾಗಿಯೇ ಇತ್ತು. ಹಿಮ್ಮಡಿ ತಿರುಗಿಸುವುದನ್ನು ಬಿಟ್ಟು ಪಾದವನ್ನು ಮೇಲಕ್ಕೆ ಜಗ್ಗಿದ. ಮತ್ತೆ ಜಗ್ಗಿದ. ಆಮೇಲೆ ಸೈಕಲ್ಲಿನ ಸಮೇತ, ಯಾವ ಆತುರವೂ ಇಲ್ಲದೆ, ತೂಕಡಿಸುವವರು ಪಕ್ಕದವರ ಹೆಗಲಿಗೆ ವಾಲುವ ಹಾಗೆ ಜರಿಗಿಡಗಳ ಮೇಲೆ ವಾಲಿಕೊಂಡ.

ಅವಳು ಸೈಕಲ್ಲನ್ನು ನೆಲಕ್ಕೆ ಮಲಗಿಸಿ ಓಡಿ ಹೋದಳು. "ಏಟಾಯ್ತಾ?"

"ಇಲ್ಲ." ಅವನು ಎಲೆಗಳ ನಡುವೆ ಮಲಗಿಯೇ ಆಕಾಶ ನೋಡುತ್ತಿದ್ದ. ಬಲಗಾಲು ಇನ್ನೂ ಪೆಡಲಿನಲ್ಲೇ ಇತ್ತು. "ಹೀಗೆ ದಿಢೀರ್ ಅಂತ ನಿಂತ್ರೆ ಹೇಗೆ? ಹೇಳಬೇಕಲ್ವಾ?"

"ಹೇಳಿದೆ."

ಅವನು ಕತ್ತು ತಿರುಗಿಸಿ ಅವಳನ್ನು ನೋಡಿದ.

"ಆವತ್ತೂ ಹೇಳಿದ್ದೆ. ಇದೇ ಜಾಗದಲ್ಲಿ. ನನಗೆ ಯಾವ ಗಾಬರಿಯೂ ಇರಲಿಲ್ಲ ರೀ, ನಿಲ್ಲಬೇಕು ಅನ್ನಿಸಿತ್ತು. ನೀವು ಹೋಗು ಅಂದ್ರಿ."

ಅವಳ ದನಿ ಏರಲಿಲ್ಲ. ಕನ್ನಡಕದ ನಂಬರು ಹೇಳುವ ದನಿಯಲ್ಲೇ ಹೇಳಿದಳು. ಹೇಳಿದ ಮೇಲೆ ತನಗೇ ಆಶ್ಚರ್ಯವಾಯಿತು, ಇಷ್ಟು ಚಿಕ್ಕ ಮಾತೇ ಇದು ಎಂದು. ಅವನು ಎದ್ದು ಕೂರಲು ಹೋಗಿ, ಕಾಲು ಸಿಕ್ಕಿಕೊಂಡಿದ್ದರಿಂದ ಮತ್ತೆ ಮಲಗಿದ. ಕೂದಲಲ್ಲಿ ಒಣ ಎಲೆಯ ಚೂರು ಸಿಕ್ಕಿಕೊಂಡಿತ್ತು.

"ನೀನು ಹೇಳಿದ್ದೆ ಅಲ್ವಾ," ಎಂದ. ಅದು ಪ್ರಶ್ನೆಯಾಗಿರಲಿಲ್ಲ. "ಕೇಳಿಸಿತ್ತು ಕಣೇ."

ಅವಳು ಮಂಡಿಯೂರಿ ಕೂತು ಅವನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಹೊರಕ್ಕೆ ತಿರುಗಿಸಿದಳು. ಟಕ್ಕೆಂದು ಶೂ ಬಿಟ್ಟುಕೊಂಡಿತು.

"ಏನಾಯ್ತ್ರೀ ಅಲ್ಲಿ? ಮತ್ತೆ ಬಿದ್ರಾ ಅವರು?" ಕೆಳಗಿನಿಂದ ವಕೀಲರ ಕೂಗು.

ಅವಳು ಗಂಡನ ಮುಖ ನೋಡಿದಳು. ಅವನು ಕೂದಲಿಂದ ಎಲೆ ತೆಗೆಯುತ್ತಾ, "ಅವಳಲ್ಲ, ನಾನು ಬಿದ್ದೆ!" ಎಂದು ಕೂಗಿ ಹೇಳಿದ. ಕೆಳಗಿನಿಂದ ಬೇಕರಿಯವನ ನಗು ಮರಗಳ ನಡುವೆ ಹತ್ತಿ ಬಂತು.

"ಇಳೀತೀಯಾ, ನಡ್ಕೊಂಡು ಹೋಗೋಣ್ವಾ?" ಎಂದ ಅವನು.

"ಇನ್ನೂ ಗೊತ್ತಿಲ್ಲ. ಸ್ವಲ್ಪ ಹೊತ್ತು ನೋಡ್ತೀನಿ."

ಅವನು ಪಕ್ಕಕ್ಕೆ ಸರಿದು ಜಾಗ ಮಾಡಿದ. ಅವಳು ಕೂತು, ಕಾಲು ಚಾಚಿದಳು. ಮೊಣಕಾಲ ಕೆಳಗೆ ಮೊಳೆ ಚುಚ್ಚಿದ ಕಡೆ ಸಣ್ಣ ಕೆಂಪು ಚುಕ್ಕೆಗಳು ಮೂಡಿದ್ದವು. ಎದುರಿಗೆ ಬೇರುಗಳು ಒಂದರ ಮೇಲೊಂದು ಕೈಯಿಟ್ಟ ಹಾಗೆ ಇಳಿದುಹೋಗಿದ್ದವು. ಮೂರನೆಯದರ ಸಂದಿಯಲ್ಲಿ ಒಂದು ಚಕ್ರ ಹಿಡಿಯುವಷ್ಟು ನುಣ್ಣನೆ ಮಣ್ಣಿತ್ತು. ಅದನ್ನು ಅವಳು ಹಿಂದೆ ಕಂಡಿರಲಿಲ್ಲ.

ಅವಳ ಸೈಕಲ್ಲು ಅವಳು ಮಲಗಿಸಿದಲ್ಲೇ ಇತ್ತು. ಆಕಾಶದ ಕಡೆಗಿದ್ದ ಪೆಡಲಿನ ಮೇಲೆ ಮರದಿಂದ ಒಂದು ಹನಿ ಬಿತ್ತು. ಪೆಡಲು ತುಸುವೇ ತಿರುಗಿ, ನಿಂತಿತು.